ಗಂಟಲು ಹೋದ ಮೇಲೆ ಕಲಿತ ಮಾತು

ಪ್ರೀತಿಯ ವಿನಯಾ ಮೇಡಂ ಅವರಿಗೆ,

ರಿಪ್ಪನ್‌ಪೇಟೆಯಿಂದ ನಿಮ್ಮ ಹಳೆಯ ಕಂಡಕ್ಟರ್ ಬೆಳ್ಳಪ್ಪ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಿರಬಹುದಿತ್ತು. ಮಗಳು ಚೈತನ್ಯಾ ಅದನ್ನೇ ಹೇಳಿದಳು. ಆದರೆ ಆ ಎರಡು ಹಳದಿ ಕೈಗಳನ್ನು ನಾನು ದಿನಾ ಬೆಳಗ್ಗೆ ನೆಂಟರ ಗುಂಪಿಗೆಲ್ಲ ಹಂಚುತ್ತೇನೆ. ನಿಮಗೂ ಅದನ್ನೇ ಕೊಟ್ಟರೆ ನನಗೆ ಸಮಾಧಾನವಾಗುವುದಿಲ್ಲ. ನಿಮಗೆ ನೆನಪಿರುವ ಸಂಗತಿಗಳನ್ನೇ ಬರೆಯುತ್ತಿದ್ದೇನೆ ಎಂದು ನಗಬೇಡಿ. ನಿಮಗೆ ಗೊತ್ತಿಲ್ಲದವೂ ಒಂದೆರಡಿವೆ.

ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ನಮ್ಮ ಬಸ್ಸಿನಲ್ಲಿ ನೀವು ಸಾಗರದಲ್ಲಿ ಹತ್ತಿ ಆನಂದಪುರದಲ್ಲಿ ಇಳಿಯುತ್ತಿದ್ದಿರಿ. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವರು, ಕಥೆ ಬರೆಯುವವರು ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ನನಗೆ ನೀವು ಬಾಗಿಲ ಹಿಂದಿನ ಸೀಟಿನ ಮೇಡಂ, ಅಷ್ಟೆ. ನಾನು ಟಿಕೆಟ್ ಹರಿಯುತ್ತಲೇ ಬಸ್ಸಿಗೆಲ್ಲ ಕೇಳುವಂತೆ ಏನಾದರೊಂದು ಕಥೆ ಹೇಳುತ್ತಿದ್ದೆ. ಹಿಂದಿನ ದಿನ ಯಾರು ಹತ್ತಿದರು, ಯಾರು ಯಾರ ಜೊತೆ ಜಗಳವಾಡಿದರು, ಯಾವ ಮದುಮಗ ದಿಬ್ಬಣದ ಬಸ್ಸು ತಪ್ಪಿಸಿಕೊಂಡು ನಮ್ಮ ಬಸ್ಸಿನಲ್ಲಿ ನಿಂತೇ ಹೋದ. ನೀವು ಕಿಟಕಿಯ ಕಡೆ ಮುಖ ಮಾಡಿಕೊಂಡು ನಗುತ್ತಿದ್ದಿರಿ. ನಿಮ್ಮ ಹೆಗಲು ಅಲುಗುವುದು ಕಂಡರೆ ನನಗೆ ಆ ದಿನದ ಸಂಬಳ ಸಿಕ್ಕಿದಂತೆ.

ಆಮೇಲೆ ದನಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಜೇನುತುಪ್ಪ ನೆಕ್ಕಿದೆ, ಕಾಳುಮೆಣಸಿನ ಕಷಾಯ ಕುಡಿದೆ. ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಗಂಟಲಿನೊಳಗೆ ನಳಿಗೆ ಇಳಿಸಿ ನೋಡಿ, ನನ್ನ ಹೆಂಡತಿ ಹುಲಿಯಮ್ಮನನ್ನು ಹೊರಗೆ ಕರೆದು ಮಾತಾಡಿದರು. ಅವಳು ಒಳಗೆ ಬಂದಾಗ ಸೆರಗಿನ ತುದಿ ಒದ್ದೆಯಾಗಿತ್ತು. ಜೀವ ಉಳಿಸಬೇಕಾದರೆ ದನಿಪೆಟ್ಟಿಗೆಯನ್ನು ತೆಗೆಯಬೇಕು ಎಂದರು. ತೆಗೆದರು. ಈಗ ನಾನು ಉಸಿರಾಡುವುದು ಕುತ್ತಿಗೆಯ ತೂತಿನಿಂದ. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಯಂತ್ರವೊಂದನ್ನೂ ಕೊಡಿಸಿದರು. ಅದರಿಂದ ಮೊದಲ ಸಲ ‘ಚೈತನ್ಯಾ’ ಎಂದಾಗ ನನ್ನ ದನಿ ಹಿಟ್ಟಿನ ಗಿರಣಿಯೊಳಗಿಂದ ಬಂದಂತಿತ್ತು. ಮಗಳು ನಗಲು ನೋಡಿದಳು, ಆಗಲಿಲ್ಲ. ಯಂತ್ರವನ್ನು ಬೀರುವಿನಲ್ಲಿಟ್ಟೆ.

ಮೇಡಂ, ಮಾತು ಹೋಯಿತೆಂದರೆ ಜನ ಕಿವಿಯೂ ಹೋಯಿತೆಂದುಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿಗೆ ಹೋದರೆ ಪರಿಚಯದವರೆಲ್ಲ ನನ್ನ ಮುಖದ ಹತ್ತಿರ ಬಂದು, “ಬೆಳ್ಳಪ್ಪಣ್ಣಾ, ಊಟ ಆಯ್ತಾ?” ಎಂದು ಕಿರುಚುತ್ತಿದ್ದರು. ಅವರದು ಪ್ರೀತಿಯೇ. ಆದರೆ ನಾನು ಹೋಗುವುದನ್ನು ಬಿಟ್ಟೆ. ಮನೆಯ ಜಗುಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ನಮ್ಮ ಬಸ್ಸಿನ ಹಾರ್ನ್ ಕೇಳುತ್ತಿದ್ದೆ. ಬೇರೆ ಹುಡುಗ “ರೈಟ್” ಎನ್ನುತ್ತಿದ್ದ. ಹೇಳದ ಕಥೆಗಳು ಎದೆಯೊಳಗೆ ಹುಳಿ ಬಂದ ಹಿಟ್ಟಿನಂತೆ ಉಬ್ಬುತ್ತಿದ್ದವು.

ಅಂಥ ಒಂದು ಮಧ್ಯಾಹ್ನ ನೀವು ಬಂದಿರಿ. ರೋಗಿಯನ್ನು ನೋಡಲು ಬರುವವರೆಲ್ಲ ಕಿತ್ತಳೆ ತರುತ್ತಾರೆ, ನೀವು ಒಂದು ಕಡೆ ಮಾತ್ರ ಅಚ್ಚಾದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೂ ಪೆನ್ಸಿಲನ್ನೂ ತಂದಿದ್ದಿರಿ. ಹುಲಿಯಮ್ಮ ಕೊಟ್ಟ ಕಾಫಿ ಕುಡಿದು, ಮೆಲ್ಲನೆಯ ದನಿಯಲ್ಲಿ, ಹೌದು, ಎಷ್ಟೋ ದಿನಗಳ ಮೇಲೆ ನನ್ನೆದುರು ಮೆಲ್ಲಗೆ ಮಾತಾಡಿದವರು ನೀವೇ, ಹೀಗೆ ಹೇಳಿದಿರಿ: “ಬೆಳ್ಳಪ್ಪನವ್ರೇ, ಕೋಣಂದೂರಿನ ಅಜ್ಜಿ ಕೋಳಿ ತಗೊಂಡು ಬಸ್ ಹತ್ತಿದ ಕಥೆ ಅರ್ಧಕ್ಕೇ ನಿಂತಿದೆ. ಕೋಳಿ ಚೀಲದಿಂದ ಹಾರಿತು ಅನ್ನೋ ಹೊತ್ತಿಗೆ ನನ್ನ ಸ್ಟಾಪ್ ಬಂದುಬಿಡ್ತು. ಮುಂದೇನಾಯ್ತು? ಬರೆದು ಕೊಡಿ.”

ಮುಂದಿನ ವಾರ ನೀವು ಬರುವಷ್ಟರಲ್ಲಿ ನಾನು ಬರೆದಿಟ್ಟಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ‘ಸೂರ್ಯದೇವನು ಪಶ್ಚಿಮಾದ್ರಿಯ ಮಡಿಲಿಗೆ ಜಾರುತ್ತಿದ್ದ ಆ ರಮಣೀಯ ಸಂಜೆಯಲಿ’ ಎಂದು ಶುರು. ಬರೆಯುವುದೆಂದರೆ ಒಗೆದು ಇಸ್ತ್ರಿ ಮಾಡಿದ ಮಾತೇ ಬೇಕು ಎಂದು ನಾನು ತಿಳಿದಿದ್ದೆ. ನೀವು ಗಂಭೀರವಾಗಿ ಓದಿ, “ಈ ಸೂರ್ಯದೇವ ಯಾರು? ನಿಮ್ಮ ಬಸ್ಸಲ್ಲಿ ಒಂದಿನಾನೂ ಕಂಡಿಲ್ವಲ್ಲ,” ಎಂದಿರಿ. ನನಗೆ ನಗು ಬಂತು. ದನಿಯಿಲ್ಲದ ನಗು ಕುತ್ತಿಗೆಯ ತೂತಿನಿಂದ ಬುಸ್ಸೆಂದು ಬಂತು. ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕಿದ್ದು ಅದು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಳಗೆ ಹುಲಿಯಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದಳು.

ಆ ದಿನ ನೀವು ಕೊಟ್ಟ ಮೂರು ಪ್ರಶ್ನೆಗಳು ನನ್ನ ಭಾಷೆಯಲ್ಲೇ ಇದ್ದವು. ಯಾರು ಹತ್ತಿದರು? ಎಲ್ಲಿಗೆ ಹೋಗಬೇಕು? ಯಾಕೆ ಇವತ್ತೇ? ಮೊದಲ ಎರಡನ್ನು ಕಂಡಕ್ಟರ್ ಆದವನು ದಿನಾ ಕೇಳುತ್ತಾನೆ. ಮೂರನೆಯದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೋಳಿ ಅಜ್ಜಿ ಗುತ್ಯಮ್ಮ ಅವತ್ತೇ ಯಾಕೆ ಹೊರಟಳು? ಪೆನ್ಸಿಲ್ ಹಿಡಿದು ಯೋಚಿಸಿದೆ. ಬಸ್ಸೆಲ್ಲ ಕೋಳಿ ಹಿಡಿಯಲು ಬಗ್ಗಿ ನಗುತ್ತಿದ್ದಾಗ ಆ ಅಜ್ಜಿ ಮಾತ್ರ ಅಳುಮೋರೆ ಮಾಡಿಕೊಂಡು, “ಬಾಣಂತಿಗೆ ಅಂತ ಸಾಕಿದ್ದು ಕಣ್ರೋ, ಮೆಲ್ಲ ಹಿಡೀರೋ, ನಾ ಬರಿಗೈಲಿ ಹೋದ್ರೆ ಅವ್ಳು ಬಾಗ್ಲು ತೆಗ್ಯಲ್ಲ,” ಎಂದಿದ್ದಳು. ಮಾತು ಬಿಟ್ಟ ಮಗಳ ಮನೆಗೆ ಅವಳು ಹೆರಿಗೆಯ ಸುದ್ದಿ ಕೇಳಿ ಹೊರಟಿದ್ದಳು. ಎಷ್ಟು ವರ್ಷ ಆ ಕಥೆ ಹೇಳಿ ಜನರನ್ನು ನಗಿಸಿದ್ದೆ! ಆ ಮಾತು ಕಿವಿಯಲ್ಲೇ ಇದ್ದರೂ ಕಥೆಗೆ ಬಂದಿರಲಿಲ್ಲ. ಬರೆದಾಗ ಬಂತು. ನೀವು ಆ ಹಾಳೆ ಓದಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಿರಿ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಮಾತುಗಳನ್ನು ಬರೆಯುವ ಪಾಠವನ್ನು ನೀವು ಹೇಳಿಕೊಡಲಿಲ್ಲ, ಅದನ್ನು ನಾನು ನಿಮ್ಮಿಂದಲೇ ಕದ್ದೆ. ಜಗುಲಿಯಲ್ಲಿ ಕೂತಿದ್ದಾಗ ನಿಮ್ಮ ತಾಯಿಯ ಫೋನ್ ಬಂತು. “ಬತ್ತೆ ಆಯಿ, ಎಂತ ಗಡಿಬಿಡಿ ಇಲ್ಲೆ, ನೀನು ಉಂಡ್ಕ,” ಎಂದಿರಿ. ಇಟ್ಟ ಕೂಡಲೇ ಕಾಲೇಜಿನಿಂದ ಬಂದ ಕರೆಗೆ, “ಖಂಡಿತ ಸರ್, ನಾಳೆ ಸಲ್ಲಿಸುತ್ತೇನೆ,” ಎಂದಿರಿ. ತಿರುಗಿ ನನ್ನನ್ನು ನೋಡಿ, “ಎಲ್ಲಿದ್ವಿ ನಾವು?” ಎಂದಿರಿ. ಒಬ್ಬರೇ ಮನುಷ್ಯರು, ಒಂದೇ ಕುರ್ಚಿ, ಮೂರು ಕನ್ನಡ. ಅವತ್ತಿನಿಂದ ನನ್ನ ಕಥೆಯ ಜನ ಯಾರೆದುರು ನಿಂತಿದ್ದಾರೆ ಎಂದು ನೋಡಿಕೊಳ್ಳದೆ ಅವರ ಬಾಯಿ ತೆರೆಸುವುದಿಲ್ಲ.

ಆದರೆ ಒಂದು ತೊಡಕಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಬೇಕು, ನಾಲಗೆ ಎಡವಿದ ಕಡೆ ತಿದ್ದಬೇಕು ಎಂದಿರಿ. ಹೇಳಿಯಾದ ಮೇಲೆ ನಾಲಗೆ ಕಚ್ಚಿಕೊಂಡಿರಿ. ನಿಮ್ಮ ಮುಖ ಸಣ್ಣಗಾಯಿತು. ನನಗೆ ಬೇಸರವಾಗಲಿಲ್ಲ ಎಂದು ಬರೆದು ತೋರಿಸಿದರೂ ನೀವು ನಂಬಲಿಲ್ಲ. ಮುಂದಿನ ಸಲ ಬಂದವರೇ ನನ್ನ ಮೊಬೈಲ್ ತೆಗೆದುಕೊಂಡು ಅದೇನನ್ನೋ ಒತ್ತಿದಿರಿ. ಚೈತನ್ಯಾ ಟೈಪ್ ಮಾಡಿಕೊಟ್ಟಿದ್ದ ನನ್ನ ಕಥೆಯನ್ನು ಫೋನಿನೊಳಗಿನ ಹೆಂಗಸೊಬ್ಬಳು ಓದತೊಡಗಿದಳು. ಅವಳಿಗೆ ‘ಹೋಗ್ತೀನಿ’ ಎನ್ನಲು ಸರಿಯಾಗಿ ಬರದು. ಕೋಳಿ ಹಾರಿದ್ದನ್ನೂ ಅಜ್ಜಿ ಅತ್ತಿದ್ದನ್ನೂ ರೈಲು ಬರುವ ಸುದ್ದಿಯಂತೆ ಒಂದೇ ದನಿಯಲ್ಲಿ ಓದುತ್ತಾಳೆ. ಹುಲಿಯಮ್ಮ, “ಇವ್ಳಿಗೆ ಜೀವಾನೇ ಇಲ್ಲ,” ಎಂದಳು. ನೀವು, “ಅದಕ್ಕೇ ಇವಳು ಬೇಕು. ಇವಳು ಓದಿದ್ರೂ ಎಲ್ಲಿ ನಗು ಬರುತ್ತೋ ಅದು ನೀವು ಬರೆದ ನಗು. ಎಲ್ಲಿ ಬರಲ್ವೋ ಅಲ್ಲಿ ನಿಮ್ಮ ಹಳೇ ದನಿ ನೆನೆಸ್ಕೊಂಡು ಮೋಸ ಹೋಗಿದ್ದೀರಿ,” ಎಂದಿರಿ.

ಈ ಮಾತನ್ನು ಎಷ್ಟು ಸಲ ನೆನೆದಿದ್ದೇನೋ. ಬಸ್ಸಿನಲ್ಲಿ ನನ್ನ ಕಣ್ಣು, ಹುಬ್ಬು, ಕೈ ಎಲ್ಲ ಸೇರಿ ಕಥೆ ಹೇಳುತ್ತಿದ್ದವು. ಹಾಳೆಯ ಮೇಲೆ ಅವು ಯಾವುವೂ ಇಲ್ಲ. ಜೀವವಿಲ್ಲದ ಆ ಹೆಂಗಸಿನಿಂದ ನಾನು ಕಲಿತಷ್ಟನ್ನು ಜೀವವಿರುವ ಹಲವರಿಂದ ಕಲಿತಿಲ್ಲ. ಅವಳ ಉಸಿರು ಕಟ್ಟಿದಲ್ಲೆಲ್ಲ ನನ್ನ ವಾಕ್ಯ ಉದ್ದವಾಗಿರುತ್ತಿತ್ತು.

ಇನ್ನು ಆಸ್ಪತ್ರೆಯ ಕಥೆ. ಅದನ್ನು ಬರೆಯಬೇಕೆಂದು ನಾನೇ ಹೊರಟೆ, ಯಾಕೆಂದರೆ ಅದು ಗಂಟಲಿನಲ್ಲಿ, ಗಂಟಲು ಹೋದ ಮೇಲೂ, ಸಿಕ್ಕಿಕೊಂಡಿತ್ತು. ಮೊದಲ ಕರಡಿನಲ್ಲಿ ಆಪರೇಷನ್ ಕೋಣೆಯ ಬಾಗಿಲಲ್ಲಿ ಗಂಡ ಹೆಂಡತಿಯ ಕೈ ಹಿಡಿದು, ‘ನನ್ನ ದನಿ ಹೋದರೂ ನನ್ನ ಪ್ರೀತಿ ನಿನ್ನ ಕಿವಿಯಲ್ಲಿ ಉಳಿಯಲಿ’ ಎನ್ನುತ್ತಾನೆ. ನೀವು ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದು ಕೇಳಿದಿರಿ: “ಇದನ್ನ ನೀವು ಹೇಳಿದ್ರಾ?”

ಇಲ್ಲವೆಂದು ತಲೆಯಾಡಿಸಿದೆ.

“ಏನು ಹೇಳಿದ್ರಿ?”

ಆಪರೇಷನ್ನಿನ ಹಿಂದಿನ ದಿನವೆಲ್ಲ ನಾನು ಕೊನೆಯ ಮಾತಿಗಾಗಿ ತಡಕಾಡಿದ್ದೆ. ಇಷ್ಟು ವರ್ಷ ಊರಿಗೆಲ್ಲ ಮಾತು ಹಂಚಿದವನು ಹೆಂಡತಿಗೆ ಒಂದಾದರೂ ನೆನಪಿಡುವಂಥ ಮಾತು ಹೇಳಬೇಕಲ್ಲ. ಬೆಳಗ್ಗೆ ಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ಹೊರಟರು. ಬಾಗಿಲು ಬಂತು. ಹುಲಿಯಮ್ಮ ಪಕ್ಕದಲ್ಲೇ ಇದ್ದಳು. ತಯಾರು ಮಾಡಿಕೊಂಡಿದ್ದೆಲ್ಲ ಮರೆತುಹೋಗಿ ನಾನು, “ಚಪ್ಲಿ ಎತ್ತಿಡು, ಯಾರಾರ ಹಾಕ್ಕೊಂಡು ಹೋಗ್ತಾರೆ,” ಎಂದೆ. ಬಾಗಿಲು ಮುಚ್ಚಿತು. ಬೆಳ್ಳಪ್ಪನ ದನಿಯಲ್ಲಿ ಈ ಲೋಕದಲ್ಲಿ ಕೇಳಿಸಿದ ಕೊನೆಯ ಮಾತು ಅದು.

ಬರೆದು ತೋರಿಸಿದಾಗ ನೀವು ಕನ್ನಡಕ ತೆಗೆದು ಸೀರೆಯಂಚಿನಲ್ಲಿ ಒರೆಸಿಕೊಂಡಿರಿ. “ಅದನ್ನೇ ಬರೀರಿ. ಚಂದ ಮಾಡೋಕೆ ಹೋಗ್ಬೇಡಿ. ಆಮೇಲೆ, ಆ ಕಥೇಲಿ ಇನ್ನೊಬ್ರು ಇದ್ದಾರೆ. ಬಾಗಿಲು ಮುಚ್ಚಿದ ಮೇಲೆ ಹೊರಗೆ ಏನಾಯ್ತು ಅಂತ ನಿಮಗೆ ಗೊತ್ತಾ? ಕೇಳಿ,” ಎಂದು ಎದ್ದಿರಿ.

ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ನೀವು ಹೋದ ಮೇಲೆ ಹುಲಿಯಮ್ಮನ ಮುಂದೆ ಹಾಳೆ ಇಟ್ಟೆ. ಅವಳು ಬೆರಳಿಟ್ಟುಕೊಂಡು ಓದಿದಳು. ‘ಅವಳು ಚಪ್ಪಲಿಯನ್ನು ಮಂಚದ ಕೆಳಗೆ ಎತ್ತಿಟ್ಟಳು’ ಎಂಬಲ್ಲಿಗೆ ಬಂದು ನಿಂತಳು. “ಇದು ಸುಳ್ಳು,” ಎಂದಳು. “ನಾ ಎಲ್ಲೂ ಇಡ್ಲಿಲ್ಲ. ಮಡ್ಲಲ್ಲೇ ಇಟ್ಕೊಂಡು ಕೂತಿದ್ದೆ. ನರ್ಸಮ್ಮ ಬಂದು ‘ಕೆಳಗಿಡಮ್ಮ, ಗಲೀಜು’ ಅಂದ್ಳು. ನಾ ಬಿಡ್ಲಿಲ್ಲ. ಮತ್ತೆ ಹಾಕ್ಕಂಡು ನಡೀತೀನಿ ಅಂತ್ಲೇ ಅಲ್ವಾ ನೀವು ಎತ್ತಿಡು ಅಂದಿದ್ದು? ಬದುಕಿ ಬರ್ತೀನಿ ಅಂತ ನೀವು ಹೇಳಿದ್ದು ನಂಗೆ ಹಂಗೇ ಕೇಳ್ಸಿದ್ದು.”

ಮೇಡಂ, ನಾನು ನಾಚಿಕೊಂಡು ಮುಚ್ಚಿಟ್ಟಿದ್ದ ಮಾತನ್ನು ಅವಳು ಇಷ್ಟು ದಿನ ಅಭಯದಂತೆ ಇಟ್ಟುಕೊಂಡಿದ್ದಳು. ನೀವು ‘ಕೇಳಿ’ ಎನ್ನದಿದ್ದರೆ ಇಬ್ಬರೂ ಇದನ್ನು ಹೇಳಿಕೊಳ್ಳದೆಯೇ ಸಾಯುತ್ತಿದ್ದೆವು. ಕಥೆ ಬರೆಯುವ ಉಪಾಯವೆಂದು ನೀವು ಕೊಟ್ಟದ್ದು ನಮ್ಮ ಸಂಸಾರಕ್ಕೆ ಬಿದ್ದ ಬೆಳಕು. ಇದನ್ನು ಅವತ್ತೇ ನಿಮಗೆ ಹೇಳಬೇಕಿತ್ತು. ಕಥೆಯಲ್ಲಿ ಸೇರಿಸಿದೆ, ನೀವು ಓದಿದಿರಿ, ಆದರೆ ಅದು ನಾನು ಕಟ್ಟಿದ್ದು ಎಂದುಕೊಂಡಿರಿ. ‘ಮಡಿಲಿನ ಚಪ್ಪಲಿ ಚೆನ್ನಾಗಿ ಹೊಳೆದಿದೆ ನಿಮಗೆ’ ಎಂದು ಅಂಚಿನಲ್ಲಿ ಬರೆದಿದ್ದಿರಿ. ನನಗೆ ಹೊಳೆದದ್ದಲ್ಲ. ನಡೆದದ್ದು.

ಮೊನ್ನೆ ಭಾನುವಾರ ತೀರ್ಥಹಳ್ಳಿಯ ಕಥಾವಾಚನಕ್ಕೆ ನನ್ನ ಹೆಸರು ಕೊಟ್ಟವರು ನೀವು. ಓದುವವರು ಯಾರು ಎಂದಾಗ ಚೈತನ್ಯಾ ಎಂದುಕೊಂಡಿದ್ದೆವು. ವೇದಿಕೆಯ ಹತ್ತಿರ ಬಂದ ಮೇಲೆ ಹುಲಿಯಮ್ಮ ಮಗಳ ಕೈಯಿಂದ ಹಾಳೆ ತೆಗೆದುಕೊಂಡು, “ಇದ್ನ ನಾನೇ ಓದ್ತೀನಿ,” ಎಂದಳು. ಏಳನೇ ಕ್ಲಾಸಿನ ಓದು, ಎಡವುತ್ತ ಎಡವುತ್ತ ಹೊರಟಳು. ಚಪ್ಪಲಿಯ ಮಾತು ಬಂದಾಗ ಸಭೆ ನಕ್ಕಿತು. ಮಡಿಲಿನ ಮಾತು ಬಂದಾಗ ಫ್ಯಾನಿನ ಸದ್ದಷ್ಟೇ ಉಳಿಯಿತು. ಅವಳ ದನಿ ಒಂದು ಸಲವೂ ನಡುಗಲಿಲ್ಲ. ಅಳುತ್ತಿದ್ದವನು ನಾನು. ಚಪ್ಪಾಳೆ ನಿಂತ ಮೇಲೆ ನಿಮ್ಮನ್ನು ಹುಡುಕಿದರೆ, ಆಯಿಗೆ ಔಷಧಿಯ ಹೊತ್ತಾಯಿತೆಂದು ನೀವು ಹೊರಟುಬಿಟ್ಟಿದ್ದಿರಿ.

ವಾಪಸು ಬರುವಾಗ ಕೋಣಂದೂರು ದಾಟಿದ ಮೇಲೆ ಹುಲಿಯಮ್ಮ ನನ್ನ ಕಡೆ ತಿರುಗಿ, “ಮೇಗರವಳ್ಳೀಲಿ ನಮ್ಮಪ್ಪ ಆನೆ ಎದ್ರು ನಿಂತು ಹಾಡು ಹೇಳಿದ್ದು ಗೊತ್ತಾ ನಿಮ್ಗೆ?” ಎಂದಳು. ಗೊತ್ತಿಲ್ಲ ಎಂದು ತಲೆಯಾಡಿಸಿದೆ. “ಹೆಂಗೆ ಗೊತ್ತಾಗ್ಬೇಕು, ನಂಗೆ ಹೇಳಾಕೆ ಯಾವತ್ತು ಬಿಟ್ಟಿದ್ರಿ,” ಎಂದು ನಕ್ಕು ಶುರು ಮಾಡಿದಳು. ಮನೆ ಬಂದರೂ ಮುಗಿಯಲಿಲ್ಲ. ಅಡುಗೆ ಮಾಡುತ್ತ ಹೇಳಿದಳು, ಬಡಿಸುತ್ತ ಹೇಳಿದಳು. ನಡುವೆ ನಿಲ್ಲಿಸಿ ಆನೆಯ ಕಿವಿ ಎಷ್ಟಗಲ ಎಂದು ಮೊರ ಹಿಡಿದು ತೋರಿಸಿದಳು. ಇಷ್ಟು ವರ್ಷ ಜೊತೆಗಿದ್ದ ಹೆಂಗಸಿನಲ್ಲಿ ಇಂಥ ಕಥೆಗಾರ್ತಿ ಇದ್ದಾಳೆಂದು ನಾನು ಬಾಯಿ ತೆರೆದು ಕೂತಿದ್ದೆ. ಈಗ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ತಪ್ಪು ಬರೆದರೆ ಬೈಯುತ್ತಾಳೆ.

ಮೇಡಂ, ನಿಮ್ಮ ಆಯಿಯ ಆರೋಗ್ಯ ಚೆನ್ನಾಗಿರಲಿ. ನಿಮ್ಮ ಪೆನ್ಸಿಲಿನ ಸಣ್ಣ ಗೆರೆ ಇನ್ನೂ ಎಷ್ಟೋ ಜನರ ಸುಳ್ಳು ವಾಕ್ಯಗಳ ಕೆಳಗೆ ಬೀಳಲಿ. ಇನ್ನೂ ಬರೆಯಬಹುದಿತ್ತು. ಆದರೆ ಹುಲಿಯಮ್ಮ ಒಳಗಿಂದ ಕರೆಯುತ್ತಿದ್ದಾಳೆ, ಆನೆ ಈಗ ತೋಟದ ಬೇಲಿ ದಾಟಿದೆಯಂತೆ, ಹೋಗಿ ಕೇಳಬೇಕು.

ನಿಮಗೆ ಸದಾ ಋಣಿಯಾಗಿರುವ,
ಬೆಳ್ಳಪ್ಪ
ರಿಪ್ಪನ್‌ಪೇಟೆ