ನಿನ್ನ ಎಡ, ನನ್ನ ಬಲ

ಪ್ರೀತಿಯ ಕಾಮ್ರೇಡ್,

ನೀನು ತೀರಿಕೊಂಡ ಮೇಲೆ ನಿನ್ನ ಪಾಠಗಳೂ ನನ್ನ ತಲೆಗೇ ಬಿದ್ದಿವೆ. ಇವತ್ತು ಒಂಬತ್ತನೇ ತರಗತಿಗೆ ರಾಜಕೀಯ ಸಿದ್ಧಾಂತಗಳು. ಕೋಣೆಯಲ್ಲಿರುವ ಒಂದೇ ಫ್ಯಾನನ್ನು ತೋರಿಸಿ ಶುರುಮಾಡಿದೆ. ಅದು ಇದ್ದಲ್ಲೇ ಇರಲಿ, ಅವಸರಪಟ್ಟು ಕದಲಿಸಬೇಡಿ ಅನ್ನುವವರು ಸಂಪ್ರದಾಯವಾದಿಗಳು. ಯಾರು ಎಲ್ಲಿ ಕೂರಬೇಕೆಂದು ಅವರವರೇ ನಿರ್ಧರಿಸಲಿ ಅನ್ನುವವರು ಉದಾರವಾದಿಗಳು. ಗಾಳಿ ಎಲ್ಲರ ಸೊತ್ತು, ಸಮನಾಗಿ ಸಿಗಲಿ ಅನ್ನುವವರು ಸಮಾಜವಾದಿಗಳು. ನನ್ನವರನ್ನು ಒಂದೇ ಮಾತಿನಲ್ಲಿ ಮುಗಿಸಿ, ನಿನ್ನವರ ಬಗ್ಗೆ ಬೆಲ್ ಹೊಡೆಯುವ ತನಕ ಹೇಳಿದೆ. ನಗಬೇಡ.

"ಸಮಾಜವಾದಿಗಳು ಎಡಗಡೆ," ಎಂದು ಎಡಗೈ ಚಾಚಿದ್ದೆ. ಮುಂದಿನ ಬೆಂಚಿನ ಹುಡುಗಿ, "ಮಿಸ್, ಅದು ನಿಮ್ಗೆ ಎಡ. ನಮ್ಗೆ ಬಲ," ಅಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಇಷ್ಟು ವರ್ಷ ಪಾಠ ಮಾಡಿದ ನಾನು ಪೆಚ್ಚಾದೆ.

ಸ್ಟಾಫ್ ರೂಮಿನ ಮೇಜಿಗೆ ಎದುರುಬದುರು ಕೂತು ನಾವು ಎಷ್ಟು ಕಿತ್ತಾಡಿದ್ದೇವೆ! "ಬಾರೇ, ಒಂದ್ಸಲ ಈ ಕಡೆ ಕೂತು ನೋಡು," ಅಂತ ನೀನು ಕರೆದಾಗಲೆಲ್ಲ, "ನನ್ ಕುರ್ಚಿ ನಂಗೆ ಚೆನ್ನಾಗಿದೆ ಕಣೇ," ಅನ್ನುತ್ತಿದ್ದೆ. ಸಂಪ್ರದಾಯವಾದಿ ತಾನೆ.

ಇವತ್ತು ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಹೋಗಿ ನಿನ್ನ ಕುರ್ಚಿಯಲ್ಲಿ ಕೂತೆ. ಯಾವಾಗಲೂ ನನ್ನ ಬಲಕ್ಕಿದ್ದ ಕಿಟಕಿ ಎಡಕ್ಕೆ ಬಂದಿತ್ತು. ನೀನು ಹೇಳಿದ್ದು ನಿಜ ಕಣೇ, ಅಲ್ಲಿಂದ ಬೇರೆಯೇ ಕಾಣುತ್ತದೆ. ಅದನ್ನು ಹೇಳೋಣವೆಂದು ತಲೆಯೆತ್ತಿದೆ. ಎದುರಿಗೆ ನನ್ನ ಕುರ್ಚಿ ಖಾಲಿ ಇತ್ತು.