ಕೊನೆಯ ಸಾಲು

ಅಪ್ಪಾ,

ಇವತ್ತು ನಮ್ಮ ಕನ್ನಡಕದ ಅಂಗಡಿಗೆ ಎಲೆಕ್ಟ್ರಿಷಿಯನ್ ಬಂದಿದ್ದ. ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನ ಹಿಂದಿನ ಬಲ್ಬು ಸುಟ್ಟುಹೋಗಿತ್ತು. "ಸ್ವಿಚ್ ಹಾಕ್ತಿದೀನಿ, ಕೊನೆ ಸಾಲು ಕಾಣುತ್ತಾ, ಓದಿ" ಅಂದ. ನಾನು ಪಟಪಟನೆ ಓದಿದೆ: ಗ, ದ, ಪ, ಲ, ಟ.

"ಅಕ್ಕಾ, ಬಲ್ಬ್ ಇನ್ನೂ ಹತ್ತೇ ಇಲ್ವಲ್ಲ!" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದಕ್ಕೇ ನನಗೆ ಬಾಯಿಪಾಠವಾಗಿದ್ದರೆ, ನಲವತ್ತು ವರ್ಷ ಅದರ ಪಕ್ಕ ಕಡ್ಡಿ ಹಿಡಿದು ನಿಂತ ನಿಮಗೆ?

ಹೋದ ವರ್ಷ, ನೀವಿನ್ನೂ ಸ್ಕೂಟರ್ ಓಡಿಸಬಹುದೇ ಎಂದು ನಾನು ನಿಮ್ಮ ಕಣ್ಣು ಪರೀಕ್ಷಿಸಿದ್ದೂ ಇದೇ ಬೋರ್ಡಿನಲ್ಲಿ. ಒಂದಕ್ಷರವೂ ತಪ್ಪಲಿಲ್ಲ. "ನಿಮ್ಮದು ಹದ್ದಿನ ಕಣ್ಣು ಬಿಡಿ" ಎಂದು ಸ್ಕೂಟರಿನ ಕೀಲಿ ಕೈಗಿತ್ತೆ. ನೀವು ಅಂಗಡಿಯ ಕೀಲಿಗೊಂಚಲನ್ನು ನನ್ನತ್ತ ಸರಿಸಿ, "ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ ಮಗಳೇ" ಎಂದಿರಿ. ವಯಸ್ಸಾದವರ ಮಾತು ಅಂದುಕೊಂಡೆ. ಮುಂದಾಗುವುದು ಕಂಡಿದ್ದ ನಿಮಗೆ, ಅದಾದ ಮೂರನೇ ವಾರ ತಿರುವಿನಲ್ಲಿ ನಿಂತಿದ್ದ ಲಾರಿ ಕಾಣಲಿಲ್ಲ.

ಬೋರ್ಡು ಈಗ ಚೆನ್ನಾಗಿ ಬೆಳಗುತ್ತಿದೆ. ಅವತ್ತು ನೀವು ಓದುವಾಗ ನಾನು ಅಕ್ಷರಗಳನ್ನೇ ತಾಳೆ ನೋಡುತ್ತಿದ್ದೆನಪ್ಪಾ. ನಿಮ್ಮ ಕಣ್ಣು ಎತ್ತ ನೆಟ್ಟಿತ್ತು ಎಂದು ಒಂದು ಸಲವೂ ತಿರುಗಿ ನೋಡಲಿಲ್ಲ.