ನೀಲಿ ಕಾರು, ಬಿಳಿ ಬಾಗಿಲು

೧೨, ಟೆಂಟರ್ ಸ್ಟ್ರೀಟ್
ಹಾಲೋಬ್ರೂಕ್, ಲ್ಯಾಂಕಶೈರ್
೭ ಮೇ ೧೯೯೬

ಪ್ರಿಯ ಹೆಡ್ಲಿ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನಿದನ್ನು ಒಲೆಗೆ ಹಾಕದಿದ್ದರೆ ಅದು ನನ್ನ ಪುಣ್ಯ. ಇಪ್ಪತ್ತೆಂಟು ವರ್ಷ ಒಂದು ಸಾಲೂ ಬರೆಯದವನು ಈಗ ಯಾವ ಮುಖ ಹೊತ್ತು ಕ್ಷೇಮ ಕೇಳಲಿ? ಆದರೂ ಕೇಳುತ್ತೇನೆ. ಮಂಡಿನೋವು ಹೇಗಿದೆ? ಡಾಟಿ ಹೋದ ಮೇಲೆ ಊಟಕ್ಕೇನು ಮಾಡಿಕೊಳ್ಳುತ್ತೀಯ? ನಿನ್ನ ಹೆಂಡತಿಯ ಮಣ್ಣಿಗೂ ನಾವು ಬರಲಿಲ್ಲ. ಅದಕ್ಕೆ ಕ್ಷಮೆ ಕೇಳಲು ನಾಲಿಗೆ ಏಳುವುದಿಲ್ಲ.

ನನ್ನ ವಿನಿಗೆ ಹೊಟ್ಟೆಯ ಕ್ಯಾನ್ಸರ್. ಮನೆಗೆ ಬರುವ ನರ್ಸ್ ನನ್ನನ್ನು ಅಡುಗೆಮನೆಗೆ ಕರೆದು, "ಜೂನ್ ತಿಂಗಳಿಗೆ ಏನೂ ಇಟ್ಕೋಬೇಡಿ. ಮಾಡೋದಿದ್ರೆ ಈಗ್ಲೇ ಮಾಡಿ" ಅಂದಳು. ವಿನಿ ಔಷಧ ಬೇಡ ಅನ್ನುತ್ತಾಳೆ, ಸೂಪು ಬೇಡ ಅನ್ನುತ್ತಾಳೆ. ಬೇಕು ಅಂದದ್ದು ಒಂದೇ.

"ನಮ್ ಕೀತ್ ಓಡಿಸ್ತಿದ್ದಂಥ ಕಾರಲ್ಲಿ ನನ್ನ ಒಂದ್ಸಲ ಅವನ ಸಮಾಧಿಗೆ ಕರ್ಕೊಂಡ್ ಹೋಗು, ಕ್ಲಿಫ್. ಐದು ತಿಂಗ್ಳು ಪೊಲೀಸಾಗಿದ್ದ ಹುಡುಗ. ಒಂದಿನಾನೂ ಕೂರಿಸ್ಲಿಲ್ಲ. ರೂಲ್ಸ್ ಕಣಮ್ಮಾ ಅಂತಿದ್ದ."

ಮಗ ಸತ್ತ ಮೇಲೆ ಅವಳು ನನ್ನಲ್ಲಿ ಏನಾದರೂ ಕೇಳಿಕೊಂಡದ್ದು ಇದೇ ಮೊದಲು. ಹಾಗಾಗಿ ಎಪ್ಪತ್ತೊಂದರ ಮುದುಕ ಹಳೇ ಆಂಗ್ಲಿಯಾ ಕಾರು ಹುಡುಕಿಕೊಂಡು ಊರೂರು ಅಲೆಯುತ್ತಿದ್ದೇನೆ. ಸಿಕ್ಕಿರುವುದು ಎರಡು.

ಒಂದು ನೀಲಿ, ನಮ್ಮ ಪೊಲೀಸ್ ಗಸ್ತು ಕಾರುಗಳದೇ ತಿಳಿನೀಲಿ; ಅವುಗಳ ಬಾಗಿಲಷ್ಟೇ ಬಿಳಿ ಇರುತ್ತಿದ್ದವಲ್ಲ. ಮಾರುವವಳು ಪಿಲ್ಲಿಂಗ್ ಎಂಬ ವಿಧವೆ. "ನಮ್ಮನೆಯವ್ರು ಇದ್ರೊಳಗೆ ಒಂದು ಸಿಗರೇಟೂ ಸೇದ್ಲಿಲ್ಲ. ಸೇದೋದೆಲ್ಲ ನನ್ನ ಮೂಗಿನ ಹತ್ರಾನೇ" ಅಂದಳು. ಇದಕ್ಕೆ ಎರಡು ಬಿಳಿ ಬಾಗಿಲು ಕೂರಿಸಿದರೆ ಕೆಲಸ ಮುಗಿಯಿತು, ನಾಲ್ಕೇ ದಿನ. ಆದರೆ ಕಾಲ ಬಳಿಯ ಮ್ಯಾಟ್ ಎತ್ತಿದೆ, ತಗಡಿನಲ್ಲಿ ನನ್ನ ಬೆರಳು ತೂರಿಹೋಯಿತು. ತುಕ್ಕು ಅಲ್ಲಿಗೇ ನಿಂತಿದೆಯೋ, ಅಡಿಯ ಕಂಬಿಗಳನ್ನೂ ತಿಂದಿದೆಯೋ ತಿಳಿಯದು. ಅವಳನ್ನು ಕೂರಿಸಿಕೊಂಡು ಚರ್ಚಿನ ಏರು ಹತ್ತುವಾಗ ಸೀಟು ಕುಸಿದರೆ?

ಇನ್ನೊಂದು ಬಿಳಿ. ಕಲ್ಲುಗುಂಡಿನ ಹಾಗಿದೆ. ಬಾಗಿಲು ಬಿಟ್ಟು ಉಳಿದದ್ದಕ್ಕೆಲ್ಲ ನೀಲಿ ಹೊಡೆಸಬೇಕು, ಮೂರು ವಾರ ಹಿಡಿಯುತ್ತದೆ. ಆ ಮೂರು ವಾರ ವಿನಿಯ ಹತ್ತಿರ ಇದೆಯೋ ಇಲ್ಲವೋ, ಯಾರನ್ನು ಕೇಳಲಿ? ಮಾರುವ ಗ್ಯಾರೇಜಿನವನು, "ಏನಜ್ಜ, ಕಳ್ಳ-ಪೊಲೀಸ್ ಆಟ ಆಡೋ ವಯಸ್ಸಾ ಇದು?" ಎಂದು ನಕ್ಕ. ಸಿಟ್ಟು ನೆತ್ತಿಗೇರಿತು, ನುಂಗಿಕೊಂಡೆ. ಕಾರಿನ ಮೇಲೆ 'ಪೊಲೀಸ್' ಎಂದು ಬರೆಸಿದರೆ ಆ ಅಕ್ಷರದ ಮೇಲೆ ರಸ್ತೆಯಲ್ಲಿ ಬಟ್ಟೆ ಮುಚ್ಚಬೇಕಂತೆ, ಕಾನೂನಂತೆ. ಅದನ್ನು ಹೇಳಿದರೆ ವಿನಿ, "ಮುಚ್ಚು, ಮುಚ್ಚು. ನಮ್ಮನೇಲಿ ಮುಚ್ಚಿಡದೇ ಇರೋದು ಏನಿದೆ?" ಅಂದಳು. ಯಾಕೆ ಹಾಗಂದಳೋ, ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಹೆಡ್ಲಿ, ನನಗೆ ತೋಚುತ್ತಿಲ್ಲ. ತಪ್ಪಿದರೆ ಇನ್ನೊಂದು ಸಲ ಅನ್ನುವುದಿಲ್ಲ. ಸುತ್ತಿಗೆಯಿಂದ ಟಕ್ ಟಕ್ ಬಡಿದು, ಸದ್ದು ಕೇಳಿಯೇ ತಗಡಿನ ಆಯುಷ್ಯ ಹೇಳುತ್ತಿದ್ದವನು ನೀನೊಬ್ಬನೇ. ಪೊಲೀಸ್ ಗ್ಯಾರೇಜಿನಲ್ಲಿ ನಾವೆಲ್ಲ ನಿನ್ನನ್ನು ಡಾಕ್ಟರ್ ಅಂತಲೇ ಕರೆಯುತ್ತಿದ್ದೆವಲ್ಲ. ಶನಿವಾರ ಹತ್ತಕ್ಕೆ ಪಿಲ್ಲಿಂಗ್ ಮನೆ ಹತ್ತಿರ ಬಾ (ವಿಳಾಸ ಹಿಂಬದಿಯಲ್ಲಿದೆ), ಕೈ ಮುಗಿಯುತ್ತೇನೆ. ನಮ್ಮ ಮನೆಗೆ ಮಾತ್ರ ಬರಬೇಡ. ಕೀತ್‌ನ ಜೀವ ತೆಗೆದ ಕಾರಿನ ಬ್ರೇಕ್ ನೋಡಿದವನು ನೀನು ಎಂಬುದು ವಿನಿಯ ಮನಸ್ಸಿನಲ್ಲಿ ಇನ್ನೂ ಹಸಿಯಾಗಿಯೇ ಇದೆ. ನಿನ್ನ ಹೆಸರೆತ್ತಿದರೆ ಗೋಡೆಗೆ ಮುಖ ಮಾಡುತ್ತಾಳೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಮಾತು ನನ್ನ ಬಾಯಲ್ಲಿ ಶೋಭಿಸದು, ಆದರೂ ಮನಸಾರೆ ಹೇಳುತ್ತಿದ್ದೇನೆ.

ನಿನ್ನ
ಕ್ಲಿಫರ್ಡ್ ಎಂಟ್‌ವಿಸಲ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲೂ ಸುಳ್ಳು ಹೇಳಿದ್ದೇನೆ. ಕಾಗದದಲ್ಲೂ ನಿನ್ನ ಮೇಲೇ ಹಾಕಿದೆ, ನೋಡು ನನ್ನ ಅಭ್ಯಾಸ! ಆ ಬೆಳಿಗ್ಗೆ ಏಳನೇ ನಂಬರಿನ ಕಾರಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವೆಂದು ಪಕ್ಕದ ನಾಲ್ಕನೇ ಕಾರಿನ ಬಾಗಿಲು ಬಿಚ್ಚಿ ಅದಕ್ಕೆ ಹಾಕಿದವನು ನಾನು. ಏಳರದನ್ನು ನಾಲ್ಕಕ್ಕೆ ಹಾಕಿದೆ. ನಂಬರು ಇದ್ದದ್ದು ಆ ಬಾಗಿಲ ಮೇಲೆ ಮಾತ್ರ, ಬದಲಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಏಳರ ಬ್ರೇಕ್ ಕೆಟ್ಟಿದೆಯೆಂದು ಹಿಂದಿನ ರಾತ್ರಿ ಪಾಳಿಯವನು ಬರೆದಿಟ್ಟ ಚೀಟಿ ಆಮೇಲೆ ಬಂತು. ನೀನು ಬಾಗಿಲು ನೋಡಿ 'ಏಳು' ರಿಪೇರಿ ಮಾಡಿದೆ. ಕೆಟ್ಟದ್ದು 'ನಾಲ್ಕು' ಎಂದು ಬರೆದುಕೊಂಡು ಹೊರಗೆ ಹೋಯಿತು, ನನ್ನ ಮಗನನ್ನು ಕೂರಿಸಿಕೊಂಡು. ನಿನಗೆ ಅದು ತಿಳಿಯಿತು. "ಮಗನ್ನ ಕಳ್ಕೊಂಡವನಿಗೆ ಇದೂ ಬೇಡ" ಅಂದು ನೀನೇ ಹೊತ್ತುಕೊಂಡೆ, ಕೆಲಸ ಬಿಟ್ಟೆ. ನಾನು ಬಾಯಿ ಬಿಡಲಿಲ್ಲ.

ಇವತ್ತು ಮಧ್ಯಾಹ್ನ ವಿನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ಡಾಟಿ ನನ್ನ ಗೆಳತಿ ಕಣೋ. ಅವಳ ಮಣ್ಣಿಗೂ ಹೋಗದ ಹಾಗೆ ಮಾಡಿದ್ಯಲ್ಲೋ" ಅಂದಳು. ಕಾರು ಬೇಡವಂತೆ. ನೀನು ಬೇಕಂತೆ. ಶನಿವಾರದವರೆಗೆ ಕಾಯಬೇಡ, ಮನೆಗೇ ಬಾ. ನೀನು ಬಂದಾಗ ನಾನು ಆ ಕೋಣೆಯಲ್ಲಿ ಇರಕೂಡದಂತೆ.